ಮಸ್ಕಿ ಸೀಮೆಯಲ್ಲಿ ಬಂಗಾರ ಹುಡುಕುವ ಕೆಲಸಕ್ಕೆ ಹೋಗಿದ್ದಾಗ

ಬಂಗಾರ ಹುಡುಕುವ ಕೆಲಸದಲ್ಲಿದ್ದೆ ಅಂದರೆ ಜನ ಕೇಳೋದು ಎರಡೇ ಪ್ರಶ್ನೆ. ಎಷ್ಟು ಸಿಕ್ತು? ನಿನಗೆಷ್ಟು ಉಳೀತು? ಕೇಳಿದವರಿಗೆ ಬೇಜಾರಾಗುತ್ತದೆ ಅಂತ ಗೊತ್ತಿದ್ದರೂ ಇದ್ದದ್ದನ್ನೇ ಹೇಳುತ್ತೇನೆ. ಆ ಕೆಲಸದಲ್ಲಿ ಇದ್ದಷ್ಟು ಕಾಲ ಕಲ್ಲಿನೊಳಗಿನ ಬಂಗಾರವನ್ನು ನಾನು ಕಣ್ಣಿಂದ ನೋಡಲೇ ಇಲ್ಲ. ನೋಡಿದ್ದು ಕಪ್ಪು ಕಲ್ಲು, ಬಿಳಿ ಕಲ್ಲು, ಅವುಗಳ ಮೇಲೆ ಮಾರ್ಕರ್ ಪೆನ್ನಲ್ಲಿ ಬರೆದ ನಂಬರು. ನಂಬರೇ ಜಾಸ್ತಿ.

ನಾನು ಕುಷ್ಟಗಿ ಕಡೆಯವನು, ಕೊಪ್ಪಳ ಜಿಲ್ಲೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ ಮುಗಿಸಿ, ಆ ಪರೀಕ್ಷೆ ಈ ಪರೀಕ್ಷೆ ಅಂತ ಓದುತ್ತಾ ಮನೆಯಲ್ಲಿದ್ದೆ. ಸೀನಿಯರ್ ಒಬ್ಬರು ಫೋನ್ ಮಾಡಿ, "ಲಿಂಗಸುಗೂರು ಮಸ್ಕಿ ಕಡೆ ಡ್ರಿಲ್ಲಿಂಗ್ ಶುರು ಆಗಾಕತ್ತೈತಿ, ಕೋರ್ ಲಾಗಿಂಗ್ ಮಾಡಾಕ ಹುಡುಗ್ರು ಬೇಕಂತ, ಬರ್ತಿಯೇನಪಾ?" ಅಂದರು. ಕೋರ್ ಲಾಗಿಂಗ್ ಅಂದರೆ ಕೊರೆದು ತೆಗೆದ ಕಲ್ಲನ್ನು ನೋಡಿ ವಿವರ ಬರೆದಿಡೋದು. ಖಾಸಗಿ ಕಂಪನಿ, ಗುತ್ತಿಗೆ ಕೆಲಸ. ಹೆಸರು ಇಲ್ಲಿ ಬೇಡ. ಹಿಂದೆ ಮುಂದೆ ನೋಡದೆ ಬ್ಯಾಗ್ ಹಾಕಿಕೊಂಡು ಹೋದೆ.

ಈ ಸೀಮೆ ಅಂದರೆ ನಮ್ಮವರಿಗೆ ಬಂಡೆಗುಡ್ಡ. ಕೊಪ್ಪಳ, ಮುದಗಲ್, ಮಸ್ಕಿ, ಎಲ್ಲಿ ನೋಡಿದರೂ ಗ್ರಾನೈಟ್. ಆದರೆ ಬಂಗಾರ ಆ ಗುಡ್ಡಗಳಲ್ಲಿಲ್ಲ. ಗುಡ್ಡಗಳ ನಡುವಿನ ತಗ್ಗಿನಲ್ಲಿ, ಹತ್ತಿ ತೊಗರಿ ಬೆಳೆಯುವ ಎರೆಮಣ್ಣಿನ ಕೆಳಗೆ, ಕಪ್ಪು-ಹಸಿರು ಬಣ್ಣದ ಬೇರೆಯೇ ಜಾತಿಯ ಕಲ್ಲಿದೆ. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಹರಿದ ಲಾವಾ ಅದು, ಆಮೇಲೆ ಒತ್ತಡಕ್ಕೂ ಕಾವಿಗೂ ಸಿಕ್ಕಿ ರೂಪ ಬದಲಾಗಿದೆ. ಹಟ್ಟಿ–ಮಸ್ಕಿ ಶಿಸ್ಟ್ ಪಟ್ಟಿ ಅಂತ ಇದಕ್ಕೆ ಹೆಸರು. ನಕಾಶೆಯಲ್ಲಿ ಕೊಕ್ಕೆಯಾಕಾರದಲ್ಲಿ ಬಾಗಿಕೊಂಡಿದೆ. ಈ ಕಲ್ಲು ಎಲ್ಲೆಲ್ಲಿ ಸೀಳಿ ಜಾರಿದೆಯೋ ಅಲ್ಲೆಲ್ಲ ಆಳದಿಂದ ಬಿಸಿನೀರು ನುಗ್ಗಿ, ಬೆಣಚುಕಲ್ಲಿನ ಎಳೆಗಳನ್ನು ಬಿಟ್ಟು ಹೋಗಿದೆ. ಬಂಗಾರ ಬಂದಿದ್ದೂ ಆ ನೀರಿನ ಜೊತೆಗೇ.

ಪಟ್ಟಿಯ ಒಂದು ತುದಿಗೆ ಹಟ್ಟಿ. 1947ರಲ್ಲಿ ಅಲ್ಲಿ ಕಂಪನಿ ಶುರುವಾದಾಗ ಇದು ನಿಜಾಮರ ಸೀಮೆ, ಹಾಗಾಗಿ ಅದರ ಮೊದಲ ಹೆಸರು ಹೈದರಾಬಾದ್ ಗೋಲ್ಡ್ ಮೈನ್ಸ್. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಬಂಗಾರದ ಗಣಿ ಅಂದರೆ ಹಟ್ಟಿಯ ಹೆಸರೇ ಮೊದಲು ಬರುತ್ತದೆ. ಊಟಿಯಲ್ಲೂ ಬಂಗಾರ ತೆಗೆಯುತ್ತಾರೆ. ತಣ್ಣಗಿನ ಊಟಿ ಅಲ್ಲ, ದೇವದುರ್ಗ ತಾಲೂಕಿನದು, ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಊಟಿ.

ಮೊದಲ ಕೆಲವು ವಾರ ಡ್ರಿಲ್ಲಿಂಗ್ ಮಾತೇ ಇಲ್ಲ, ಬರೀ ನಡಿಗೆ. ಕೈಯಲ್ಲಿ ಸುತ್ತಿಗೆ, ಕೊರಳಲ್ಲಿ ಲೆನ್ಸ್, ಜಿಪಿಎಸ್, ದಿಕ್ಸೂಚಿ, ಮತ್ತು ಎರಡು ದೊಡ್ಡ ಬಾಟಲಿ ನೀರು. ಹೊಲದ ಬದು ಹಿಡಿದು ಹೋಗೋದು, ಕಲ್ಲು ಹೊರಗೆ ಕಂಡಲ್ಲಿ ನಿಲ್ಲೋದು, ಯಾವ ದಿಕ್ಕಿಗೆ ಓಡಿದೆ, ಎಷ್ಟು ವಾಲಿದೆ ಅಂತ ಅಳೆದು ಬರೆಯೋದು. ನಮ್ಮ ದೊಡ್ಡ ಸಾಹೇಬರು ಒಂದು ಮಾತು ಹೇಳುತ್ತಿದ್ದರು: "ಇಲ್ಲಿ ನೀವೇನೂ ಹೊಸದಾಗಿ ಹುಡುಕಬೇಕಿಲ್ಲ, ಹಳೇ ಗುಂಡಿ ಹುಡುಕ್ರಿ ಸಾಕು."

ಅದು ತಮಾಷೆಯ ಮಾತಲ್ಲ. ಈ ಸೀಮೆಯ ಜನ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಬಂಗಾರ ತೆಗೆಯುತ್ತಿದ್ದರು. ಹಟ್ಟಿಯ ಹಳೆಯ ಗುಂಡಿಗಳು ಆರುನೂರು ಅಡಿಗೂ ಮಿಕ್ಕಿ ಇಳಿದಿವೆ. ಆಗ ಡೈನಮೈಟ್ ಎಲ್ಲಿತ್ತು? ಕಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿ, ನೀರು ಸುರಿದು ಸೀಳಿಸಿ, ಚೂರು ಚೂರಾಗಿ ಹೊರಗೆ ತಂದಿದ್ದು. ನಾವು ಹೋದ ಜಾಗದಲ್ಲೂ ಅಂಥ ಗುಂಡಿಗಳಿದ್ದವು, ಅರ್ಧ ಮುಚ್ಚಿ ಜಾಲಿ ಬೆಳೆದಿತ್ತು, ಉದ್ದಕ್ಕೆ ಒಂದೇ ಸಾಲಿನಲ್ಲಿ. ಆ ಸಾಲೇ ಅದಿರಿನ ಸಾಲು. ಪಕ್ಕದ ಬಂಡೆಯ ಮೇಲೆ ದುಂಡಗೆ ನುಣುಪಾದ ಕುಳಿಗಳು, ಕೈ ಹಾಕಿದರೆ ಮುಂಗೈವರೆಗೆ ಹೋಗುತ್ತವೆ. ಕಲ್ಲು ಅರೆದು ಅರೆದು ಆದ ಕುಳಿಗಳು ಅವು. ಕುರಿ ಕಾಯುವ ಹುಡುಗರು ಅದರಲ್ಲಿ ಮಳೆನೀರು ನಿಂತರೆ ಕುರಿಗೆ ಕುಡಿಸುತ್ತಾರೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಮಸ್ಕಿಯಲ್ಲಿ ರೂಮ್ ಮಾಡಿದ್ದ ನಮಗೆ ಭಾನುವಾರ ಹೋಗೋಕೆ ಇದ್ದ ಜಾಗ ಅದೊಂದೇ. ಮಸ್ಕಿಯ ಅಶೋಕನ ಶಾಸನ. ದೇವಾನಾಂಪ್ರಿಯ ಅಂತ ಬರೆಸಿದ ಆ ರಾಜನೇ ಅಶೋಕ ಅಂತ ಹೆಸರಿಟ್ಟು ಹೇಳಿದ ಮೊದಲ ಶಾಸನ ಸಿಕ್ಕಿದ್ದು ಇಲ್ಲಿ. 1915ರಲ್ಲಿ ಅದನ್ನು ಕಂಡವನು ಇತಿಹಾಸದ ಪಂಡಿತನಲ್ಲ, ಬೀಡನ್ ಎಂಬ ಬಂಗಾರದ ಗಣಿ ಎಂಜಿನಿಯರ್. ಶಾಲೆಯಲ್ಲಿ ಶಾಸನದ ಬಗ್ಗೆ ಓದಿದ್ದೆವು, ಆದರೆ ಬಂಗಾರದ ಕೆಲಸದವನು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ. ನಮ್ಮ ಟೀಮಿನ ಹುಡುಗನೊಬ್ಬ ಅಲ್ಲಿ ನಿಂತು, "ಬಂಗಾರ ಸಿಗದಿದ್ರೂ ಹಿಂಗೊಂದು ಶಾಸನ ಸಿಕ್ರ ಸಾಕಪಾ, ನಮ್ಮ ಹೆಸರೂ ಪುಸ್ತಕದಾಗ ಬರ್ತೈತಿ" ಅಂದ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಅನ್ವೇಷಣೆಗೆ ಜಿ4ರಿಂದ ಜಿ1ರ ತನಕ ನಾಲ್ಕು ಹಂತಗಳಿವೆ. ಜಿ4 ಅಂದರೆ ದೂರದಿಂದ ಕಣ್ಣಾಡಿಸಿದ್ದು, ಜಿ1 ಅಂದರೆ ಇಷ್ಟು ಟನ್ ಇದೆ ಅಂತ ಎದೆ ತಟ್ಟಿ ಹೇಳುವಷ್ಟು ಕೊರೆದಿದ್ದು. ನಾವಿದ್ದದ್ದು ಜಿ3, ನಡುವೆ ಎಲ್ಲೋ. 2015ರಲ್ಲಿ ಗಣಿ ಕಾನೂನು ತಿದ್ದಿದ ಮೇಲೆ ಗಣಿಗಳು ಹೆಚ್ಚಾಗಿ ಹರಾಜಿನಲ್ಲೇ ಹೋಗುತ್ತವೆ. 2023ರಲ್ಲಿ ಬಂಗಾರ, ತಾಮ್ರದಂಥ ಆಳದ ಖನಿಜಗಳಿಗೆ ಅನ್ವೇಷಣೆಯ ಲೈಸೆನ್ಸ್ ಅಂತ ಹೊಸದೊಂದನ್ನು ತಂದರು. ಹುಡುಕಿದವನೇ ಗಣಿ ಮಾಡುತ್ತಾನೆ ಅಂತ ಏನಿಲ್ಲ. ಇದನ್ನು ಊರವರಿಗೆ ತಿಳಿಸಿ ಹೇಳೋದರಲ್ಲೇ ನಮ್ಮ ಅರ್ಧ ಜೀವ ಹೋಯಿತು.

ಯಾಕಂದರೆ ಹೊಲದವರ ಪ್ರಶ್ನೆ ನೇರ. ನಮ್ಮ ಹೊಲ ಹೋಗ್ತದೇನು?

ಒಬ್ಬ ಕಾಕಾ ಇದ್ದರು, ಅವರ ಹೊಲದಲ್ಲಿ ಒಂದು ಬೋರ್ ಹಾಕಬೇಕಿತ್ತು. ತೊಗರಿ ಎದೆಮಟ್ಟ ನಿಂತಿತ್ತು. ರಿಗ್, ಅಂದರೆ ಕೊರೆಯುವ ಯಂತ್ರ ನಿಲ್ಲೋಕೆ ಜಾಗ, ಮಣ್ಣುನೀರಿಗೆ ಗುಂಡಿ, ಟ್ಯಾಂಕರ್ ಬರೋಕೆ ದಾರಿ ಎಲ್ಲಾ ಸೇರಿ ಸುಮಾರು ಬೆಳೆ ಹಾಳಾಗುತ್ತದೆ. ಪರಿಹಾರ ಕೊಡುತ್ತಾರೆ, ಆದರೆ ಎಷ್ಟು, ಯಾವಾಗ ಅಂತ ಬರೆದು ಕೊಡೋಕೆ ಆಫೀಸಿನವರು ಮೀನಮೇಷ ಎಣಿಸುತ್ತಿದ್ದರು. ಕಾಕಾ ನನ್ನನ್ನು ಕಟ್ಟೆ ಮೇಲೆ ಕೂರಿಸಿಕೊಂಡು ಕೇಳಿದರು:

"ತಮ್ಮಾ, ಬಂಗಾರ ಸಿಕ್ತು ಅಂತ ತಿಳಿ. ನನಗೇನು ಬರ್ತೈತಿ?"

"ಕೆಳಗಿನ ಬಂಗಾರ ಸರ್ಕಾರದ್ದು ಕಾಕಾ. ನಿಮಗೆ ಹೊಲದ ರೊಕ್ಕ ಬರ್ತದ."

"ಸಿಗಲಿಲ್ಲ ಅಂದ್ರ?"

"ತೊಗರಿ ಪರಿಹಾರ ಬರ್ತದ. ಹೊಲ ನಿಮ್ಮದೇ."

"ಹಂಗಾದ್ರ ಸಿಗದಂಗ ಬೇಡ್ಕೊಂತೀನಿ, ಬ್ಯಾಸರ ಮಾಡ್ಕೋಬ್ಯಾಡ" ಅಂದರು. ಅಂದವರೇ ಸಹಿ ಮಾಡಿದರು. ತೊಗರಿ ರಾಶಿಯಾದ ಮೇಲೇ ರಿಗ್ ತರಬೇಕು ಅಂತ ಷರತ್ತು ಹಾಕಿದರು, ನಾನು ಆಫೀಸಿಗೆ ಹಾಗೇ ಬರೆದು ಕಳಿಸಿದೆ. ಅದನ್ನು ಒಪ್ಪಿದರು. ಇಡೀ ಪ್ರಾಜೆಕ್ಟಿನಲ್ಲಿ ಆಫೀಸಿನವರು ಮಾಡಿದ ಬುದ್ಧಿವಂತ ಕೆಲಸ ಅದೊಂದೇ ಅಂತ ನನ್ನ ಅಭಿಪ್ರಾಯ.

ರಿಗ್ ಬಂತು. ಊರವರ ಲೆಕ್ಕದಲ್ಲಿ ಅದೂ ಬೋರ್ ಗಾಡಿಯೇ. ಶುರುವಾದ ದಿನದಿಂದ ದಾರಿಯಲ್ಲಿ ಹೋಗುವವರೆಲ್ಲ ಬೈಕ್ ನಿಲ್ಲಿಸಿ, "ನೀರು ಬಿದ್ದಾವೇನ್ರಿ?" ಅಂತ ಕೇಳುತ್ತಿದ್ದರು. ನೀರಿಗಲ್ಲ ಅಂದರೆ ನಂಬುತ್ತಿರಲಿಲ್ಲ. ಇಷ್ಟು ಆಳ ಕೊರೆದು ಮುಚ್ಚಿ ಹೋಗ್ತೀರಾ, ಹಂಗೇ ಬಿಡ್ರಿ, ನಾವು ಮೋಟರ್ ಇಳಿಸ್ಕೋತೀವಿ ಅನ್ನುವವರೂ ಇದ್ದರು. ಆ ತೂತು ಮೂರೇ ಇಂಚು. ಮೇಲಾಗಿ ನೆಟ್ಟಗೂ ಇಲ್ಲ, ವಾಲಿಸಿ ಕೊರೆದಿದ್ದು. ಇಲ್ಲಿಯ ಅದಿರಿನ ಪದರ ಹೆಚ್ಚುಕಮ್ಮಿ ನಿಂತ ಗೋಡೆ, ಸ್ವಲ್ಪ ಪಶ್ಚಿಮಕ್ಕೆ ವಾಲಿದೆ. ನೆಟ್ಟಗೆ ಕೊರೆದರೆ ಗೋಡೆಯ ಪಕ್ಕದಲ್ಲೇ ಇಳಿದು ಏನೂ ಸಿಗದೆ ಹೋಗಬಹುದು. ಅದಕ್ಕೇ ಪಶ್ಚಿಮದಿಂದ ಪೂರ್ವಕ್ಕೆ ಓರೆಯಾಗಿ ಹೊಡೆದು ಗೋಡೆಯನ್ನು ಅಡ್ಡ ದಾಟಬೇಕು.

ಡ್ರಿಲ್ಲರ್ ಅಣ್ಣ ಕೆಜಿಎಫ್‌ನವರು. ಅವರ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿಯುತ್ತಿದ್ದವರು, ಮೂರು ಕಿಲೋಮೀಟರ್‌ಗೂ ಮಿಕ್ಕಿ ಆಳದ ಗಣಿ. ತಮಿಳು ಬೆರೆತ ಕನ್ನಡದಲ್ಲಿ ಮಾತಾಡುತ್ತಿದ್ದರು. ಮೀಟರ್ ನೋಡದೆ, ಬರೀ ರಾಡ್ ಮೇಲೆ ಅಂಗೈ ಇಟ್ಟು, "ಸಾರ್, ಕಲ್ಲು ಮಾರಿತು, ಬರೆದ್ಕೊಳ್ಳಿ" ಅನ್ನುತ್ತಿದ್ದರು. ಮಾರಿತು ಅಂದರೆ ಬದಲಾಯಿತು ಅಂತ. ಒಂದು ಸಲವೂ ತಪ್ಪಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ತಪ್ಪಿದ್ದು ಕಡಿಮೆ. ನೀರಿನ ಜೊತೆ ಬರುವ ರಾಡಿಯ ಬಣ್ಣ, ಎಂಜಿನ್ನಿನ ಸದ್ದು, ಅಂಗೈ ನಡುಕ, ಇವೇ ಅವರ ಮೀಟರು.

ಕೊರೆಯುವ ರೀತಿ ಹೀಗೆ. ರಾಡಿನ ತುದಿಗೆ ವಜ್ರದ ಚೂರು ಕೂರಿಸಿದ ಉಂಗುರದಂಥ ಬಿಟ್. ಅದು ಸುತ್ತಲೂ ಕೊರೆಯುತ್ತದೆ, ನಡುವಿನ ಕಲ್ಲು ಹಾಗೇ ಉಳಿದು ಕೊಳವೆಯೊಳಗೆ ಏರುತ್ತದೆ. ಮೂರು ಮೀಟರ್ ತುಂಬಿದ ಮೇಲೆ ತಂತಿ ಇಳಿಸಿ ಒಳಗಿನ ಕೊಳವೆಯನ್ನಷ್ಟೇ ಎಳೆದುಕೊಳ್ಳುತ್ತಾರೆ. ಅದನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಕಲ್ಲು ಜಾರಿ ಬರುತ್ತದೆ, ಐದು ಸೆಂಟಿಮೀಟರ್‌ಗೆ ಒಂಚೂರು ಕಮ್ಮಿ ದಪ್ಪ, ನೀರಲ್ಲಿ ನೆನೆದು ಹೊಳೆಯುತ್ತಾ. ಇದೇ ಕೋರ್. ಊರ ಹುಡುಗರು ಇದಕ್ಕೆ ಕಲ್ಲಿನ ಕಬ್ಬು ಅಂತ ಹೆಸರಿಟ್ಟಿದ್ದರು. ಬಿಟ್ಟರೆ ಒಂದೊಂದು ತುಂಡು ಮನೆಗೆ ಒಯ್ಯುತ್ತಿದ್ದರು, ಅದಕ್ಕೇ ರಾತ್ರಿ ವಾಚ್‌ಮನ್.

ಇಲ್ಲಿಂದ ನನ್ನ ಕೆಲಸ ಶುರು. ಪೆಟ್ಟಿಗೆ ಒಂದು ಮೀಟರ್ ಉದ್ದ, ಒಳಗೆ ಐದು ಓಣಿ. ಕೋರನ್ನು ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿ, ಪುಸ್ತಕದ ಸಾಲು ಓದುವ ಹಾಗೆ ಎಡದಿಂದ ಬಲಕ್ಕೆ ಜೋಡಿಸಬೇಕು. ಪ್ರತಿ ಸಲ ಎಳೆದದ್ದು ಮುಗಿದಲ್ಲಿ ಮರದ ತುಂಡಿನ ಮೇಲೆ ಆಳ ಬರೆದು ಇಡಬೇಕು. ಮುರಿದ ತುಂಡುಗಳ ಅಂಚನ್ನು ಒಂದಕ್ಕೊಂದು ಕೂಡಿಸಿ ನೋಡಬೇಕು, ಕೂಡದಿದ್ದರೆ ನಡುವೆ ಏನೋ ಹೋಗಿದೆ ಅಂತ ಅರ್ಥ. ಕೊರೆದಿದ್ದು ಮೂರು ಮೀಟರ್, ಪೆಟ್ಟಿಗೆಯಲ್ಲಿ ಇರೋದು ಎರಡೂವರೆ ಅಂದರೆ ಉಳಿದ ಅರ್ಧ ಮೀಟರ್ ಪುಡಿಯಾಗಿ ನೀರಲ್ಲಿ ತೇಲಿ ಹೋಗಿದೆ. ಪುಡಿಯಾಗುವುದು ಸೀಳಿದ ಮೆತ್ತನೆ ಜಾಗ. ಬಂಗಾರ ಇರೋದೂ ಸೀಳಿದ ಜಾಗದಲ್ಲೇ. ಇದೇ ನೋಡಿ ಗೋಳು.

ಒಂದು ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಹೊಸ ಹೆಲ್ಪರ್ ಒಬ್ಬ ಇಡೀ ಕೊಳವೆಯ ಕೋರನ್ನು ಉಲ್ಟಾ ಸುರಿದುಬಿಟ್ಟಿದ್ದ. ಕೆಳಗಿನದು ಮೇಲೆ, ಮೇಲಿನದು ಕೆಳಗೆ. ನೋಡೋಕೆ ಎಲ್ಲಾ ಸರಿಯಾಗೇ ಇದೆ, ಕಪ್ಪು ಕಲ್ಲು ಕಪ್ಪು ಕಲ್ಲೇ. ಡ್ರಿಲ್ಲರ್ ಅಣ್ಣನಿಗೆ ಅನುಮಾನ ಬಂದಿದ್ದು, ಹಿಂದಿನ ಪೆಟ್ಟಿಗೆಯ ಕೊನೆಯ ತುಂಡಿನ ಮುರುಕು ಈ ಪೆಟ್ಟಿಗೆಯ ಮೊದಲ ತುಂಡಿಗೆ ಕೂಡದೆ ಹೋದಾಗ. ಇಬ್ಬರೂ ಟಾರ್ಚ್ ಹಿಡಿದು ಕೂತು ತುಂಡು ತುಂಡಾಗಿ ತಿರುಗಿಸಿ ಕೂಡಿಸಿದೆವು. ಆ ಹುಡುಗನಿಗೆ ಅಣ್ಣ ಬೈಯಲಿಲ್ಲ. ಪ್ರತಿ ತುಂಡಿನ ಮೇಲೂ ಕೆಳಮುಖ ಬಾಣದ ಗುರುತು ಹಾಕುವ ಕೆಲಸವನ್ನು ಅವನಿಗೇ ಹಚ್ಚಿದರು. ಆಮೇಲೆ ಅವನಷ್ಟು ಚೊಕ್ಕವಾಗಿ ಬಾಣ ಹಾಕುವವರು ಕ್ಯಾಂಪಿನಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಮಿರ್ಚಿ-ಒಗ್ಗರಣಿ ತಿಂದು ಶೆಡ್ಡಿಗೆ ಬಂದರೆ ಕೋರ್ ತೊಳೆದು ಲಾಗ್ ಬರೆಯೋದು. ತಗಡಿನ ಶೆಡ್, ಹನ್ನೊಂದಕ್ಕೆಲ್ಲ ಒಲೆ. ಪ್ರತಿ ಮೀಟರ್‌ಗೆ: ಕಲ್ಲು ಯಾವುದು, ಬಣ್ಣ ಏನು, ಬೆಣಚುಕಲ್ಲು ಎಷ್ಟು, ಸೀಳು ಯಾವ ಕೋನದಲ್ಲಿ, ಗಂಧಕದ ಖನಿಜ ಎಷ್ಟು, ಯಾವುದು. ಹತ್ತು ಸೆಂಟಿಮೀಟರ್‌ಗಿಂತ ಉದ್ದದ ತುಂಡುಗಳನ್ನೆಲ್ಲ ಕೂಡಿಸಿ ಶೇಕಡಾವಾರು ಬೇರೆ ಬರೀಬೇಕು, ಕಲ್ಲು ಎಷ್ಟು ಗಟ್ಟಿ ಅಂತ ಅದರಿಂದ ಗೊತ್ತಾಗುತ್ತದೆ. ಮುಂದೆ ಯಾರಾದರೂ ಸುರಂಗ ತೋಡಿದರೆ ತಲೆ ಮೇಲೆ ಬೀಳುತ್ತದೋ ಇಲ್ಲವೋ ಅನ್ನೋ ಲೆಕ್ಕಕ್ಕೆ ಬೇಕು.

ಇದರಲ್ಲಿ ನನಗೆ ಖುಷಿ ಕೊಡುತ್ತಿದ್ದ ಒಂದು ಕ್ಷಣ ಇತ್ತು. ಕಪ್ಪು ಕಲ್ಲಿನ ನಡುವೆ ಬೆಳ್ಳಿ ಬಣ್ಣದ ಸೂಜಿಯಂಥ ಸಣ್ಣ ಹರಳುಗಳು ಬರುತ್ತವೆ, ಆರ್ಸೆನೋಪೈರೈಟ್. ಸುತ್ತಿಗೆಯಿಂದ ಜೋರಾಗಿ ಒಂದೇಟು ಕೊಟ್ಟು ಮೂಗಿನ ಹತ್ತಿರ ತಂದರೆ ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಅದರಲ್ಲಿರುವ ಆರ್ಸೆನಿಕ್ಕಿನ ವಾಸನೆ ಅದು, ಹಾಗಾಗಿ ಬಹಳ ಹೊತ್ತು ಮೂಸುತ್ತಾ ಕೂರಬಾರದು. ಹಟ್ಟಿ ಸೀಮೆಯಲ್ಲಿ ಈ ಖನಿಜ ಇದ್ದಲ್ಲಿ ಬಂಗಾರ ಇರುವ ಸಾಧ್ಯತೆ ಜಾಸ್ತಿ. ಇರಲೇಬೇಕು ಅಂತ ಏನಿಲ್ಲ.

ಹೊಳೆಯುವ ಹಳದಿ ಕಂಡರೆ ಮಾತ್ರ ಯಾರೂ ಕುಣಿಯುತ್ತಿರಲಿಲ್ಲ. ಅದು ಪೈರೈಟ್, ಕಬ್ಬಿಣ ಗಂಧಕ ಸೇರಿದ ಖನಿಜ, ಬಂಗಾರ ಅಲ್ಲ. ಕಾಕಾನ ಮೊಮ್ಮಗ ಒಂದು ದಿನ ಅದನ್ನು ನೋಡಿ ಮನೆಗೆ ಓಡಿದ, ಸಂಜೆಯೊಳಗೆ ಇಡೀ ಊರಿಗೆ ಬಂಗಾರ ಸಿಕ್ಕಿತ್ತು.

ಓದುವಾಗ ನಮ್ಮ ಜೊತೆ ಇದ್ದ ಗೆಳೆಯರು ಬೇರೆ ಬೇರೆ ಖನಿಜದ ಕೆಲಸಕ್ಕೆ ಹೋಗಿದ್ದಾರೆ. ಅವರ ಜೊತೆ ಮಾತಾಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ತಾಮ್ರದವರಿಗೆ ಕಲ್ಲೇ ಬಾಯಿ ಬಿಟ್ಟು ಹೇಳುತ್ತದೆ. ಚಿತ್ರದುರ್ಗದ ಹತ್ತಿರ ಇಂಗಳದಾಳದಲ್ಲಿ ಹಿಂದೆ ತಾಮ್ರದ ಗಣಿ ಇತ್ತು, ವಿದ್ಯಾರ್ಥಿಗಳಾಗಿದ್ದಾಗ ಅಲ್ಲಿ ಹೋಗಿದ್ದೆವು. ತಾಮ್ರ ಗಾಳಿ ಮಳೆಗೆ ಹಸಿರು ಕಾರುತ್ತದೆ, ಬಂಡೆ ಮೇಲೆ ಕಲೆ ಬಿದ್ದಿರುತ್ತದೆ. ಅನುಮಾನ ಇದ್ದರೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ ಒತ್ತಿದರೆ ನಿಮಿಷದಲ್ಲಿ ಶೇಕಡಾ ಎಷ್ಟು ಅಂತ ತೋರಿಸುತ್ತದೆ. ನಮ್ಮ ಶೆಡ್ಡಿನಲ್ಲೂ ಅಂಥ ಗನ್ ಇತ್ತು. ಬಂಗಾರ ಟನ್ನಿಗೆ ಒಂದೆರಡು ಗ್ರಾಂ ಮಟ್ಟದಲ್ಲಿ ಇರೋದರಿಂದ ಅದು ತೋರಿಸುವ ಬಂಗಾರದ ಅಂಕಿಯನ್ನು ನಂಬೋ ಹಾಗಿಲ್ಲ. ಆರ್ಸೆನಿಕ್ ಏರಿದೆಯಾ ಅಂತ ನೋಡೋಕೆ ಮಾತ್ರ ಬಳಸುತ್ತಿದ್ದೆವು.

ಯುರೇನಿಯಂನವರ ಕತೆ ಇನ್ನೂ ಸುಲಭ ಅನ್ನಿಸುತ್ತಿತ್ತು. ಕೃಷ್ಣೆ ದಾಟಿದರೆ ಯಾದಗಿರಿ ಜಿಲ್ಲೆ, ಅಲ್ಲಿ ಶಹಾಪುರ ತಾಲೂಕಿನ ಗೋಗಿಯಲ್ಲಿ ಅಣುಶಕ್ತಿ ಇಲಾಖೆಯ ಪರಮಾಣು ಖನಿಜ ನಿರ್ದೇಶನಾಲಯದವರು ಯುರೇನಿಯಂ ಪತ್ತೆ ಮಾಡಿದ್ದಾರೆ. ಭೀಮಾ ಕೊಳ್ಳದ ಸುಣ್ಣದಕಲ್ಲು ಮತ್ತು ಅದರಡಿಯ ಗ್ರಾನೈಟು ಮುರಿದುಕೊಂಡ ಸಾಲಿನಲ್ಲಿ ಅದು ಕೂತಿದೆ. ಯುರೇನಿಯಂ ಸುಮ್ನೆ ಕೂರೋದಿಲ್ಲ, ಕಿರಣ ಬಿಡುತ್ತಲೇ ಇರುತ್ತದೆ. ಕೊರೆದ ತೂತಿನೊಳಗೆ ಗಾಮಾ ಕಿರಣ ಎಣಿಸುವ ಉಪಕರಣ ಇಳಿಸಿದರೆ ಯಾವ ಆಳದಲ್ಲಿ ಇದೆ ಅಂತ ಅಲ್ಲೇ ಗ್ರಾಫ್ ಏಳುತ್ತದೆ. ಲ್ಯಾಬ್ ಆಮೇಲೆ.

ಆದರೆ ಆ ಹೆಸರಿನ ಬಿಸಿ ನಮಗೂ ತಟ್ಟಿತು. ಗೋಗಿಯಲ್ಲಿ ಗಣಿ ಬೇಡ, ನೀರು ಕೆಡುತ್ತದೆ ಅಂತ ಜನ ವಿರೋಧ ಮಾಡಿದ್ದು ಈ ಭಾಗದಲ್ಲೆಲ್ಲ ಗೊತ್ತು. ಒಂದು ದಿನ ಪಕ್ಕದ ಊರಿನಿಂದ ಹತ್ತಿಪ್ಪತ್ತು ಜನ ಬಂದು ರಿಗ್ ನಿಲ್ಲಿಸಿದರು. "ಬಂಗಾರ ಅಂತ ಹೇಳಿ ಯುರೇನಿಯಂ ತೆಗೀತೀರಿ, ನಮಗೇನು ತಿಳಿಯಂಗಿಲ್ಲ ಅಂದ್ಕೊಂಡೀರೇನು?" ಅಂತ ಜೋರು ಮಾಡಿದರು. ಖಾಸಗಿಯವರಿಗೆ ಯುರೇನಿಯಂ ಹುಡುಕುವ ಅಧಿಕಾರವೇ ಇಲ್ಲ, ಅದು ಅಣುಶಕ್ತಿ ಇಲಾಖೆಯದು ಅಂತ ಎಷ್ಟು ಹೇಳಿದರೂ ಮಾತು ಇಳಿಯಲಿಲ್ಲ. ನಾನು ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಪೆಟ್ಟಿಗೆಗಳನ್ನು ಬಿಚ್ಚಿ ತೋರಿಸಿದೆ, ಕೈಗೆ ಕೊಟ್ಟೆ. ಒಬ್ಬ ಹಿರಿಯರು ಕೋರ್ ತುಂಡು ಹಿಡಿದು, "ಇದನ್ನ ಕೈಯಾಗ ಹಿಡ್ಕೊಂಡು ದಿನಾ ಕುಂದರ್ತಿಯಲ್ಲ, ನಿನಗೇನೂ ಆಗಿಲ್ಲಲ" ಅಂದರು. ಅಷ್ಟಕ್ಕೆ ಸಮಾಧಾನ ಆದರು. ಅವರ ಭಯ ತಪ್ಪು ಅಂತ ನಾನು ಹೇಳೋದಿಲ್ಲ. ಹೊಲದಲ್ಲಿ ಯಂತ್ರ ನಿಲ್ಲಿಸಿ ಒಂದು ಬೋರ್ಡನ್ನೂ ಕನ್ನಡದಲ್ಲಿ ಹಾಕದಿದ್ದರೆ ಜನ ಇನ್ನೇನು ಅಂದುಕೊಳ್ಳಬೇಕು? ಮಾರನೇ ದಿನವೇ ಬೋರ್ಡ್ ಬರೆಸಿದೆವು.

ಲಾಗ್ ಆದ ಮೇಲೆ ಕೋರನ್ನು ಉದ್ದಕ್ಕೆ ಎರಡು ಹೋಳು ಮಾಡಬೇಕು. ವಜ್ರದ ಗರಗಸ, ನೀರು, ಕಿವಿ ಹರಿಯುವ ಸದ್ದು. ಒಂದು ಹೋಳು ಚೀಲಕ್ಕೆ, ಇನ್ನೊಂದು ಪೆಟ್ಟಿಗೆಯಲ್ಲೇ ಉಳಿಯಬೇಕು. ಹೊಸ ಹುಡುಗರು ಕೇಳುತ್ತಿದ್ದರು, ಅರ್ಧ ಯಾಕೆ ಇಟ್ಕೋಬೇಕು, ಜಾಗ ದಂಡ ಅಲ್ವಾ ಅಂತ. ಅದಕ್ಕೆ ಬ್ರಿ-ಎಕ್ಸ್ ಕತೆ ಹೇಳುತ್ತಿದ್ದೆ. ಕೆನಡಾದ ಕಂಪನಿ, ಇಂಡೋನೇಷ್ಯಾದ ಕಾಡಿನಲ್ಲಿ ಬುಸಾಂಗ್ ಅನ್ನೋ ಜಾಗದಲ್ಲಿ ಲೋಕವೇ ಬೆರಗಾಗುವಷ್ಟು ಬಂಗಾರ ಇದೆ ಅಂತ ಹೇಳಿಕೊಂಡು ಷೇರು ಏರಿಸಿತು. ಅವರು ಕೋರನ್ನು ಅರ್ಧ ಉಳಿಸದೆ ಇಡಿಯಾಗಿ ಪುಡಿ ಮಾಡಿ ಕಳಿಸುತ್ತಿದ್ದರು. ಆ ಪುಡಿಗೆ ಹೊರಗಿನ ಬಂಗಾರ ಬೆರೆಸಿದ್ದರು ಅಂತ 1997ರಲ್ಲಿ ಬಯಲಾಯಿತು, ಷೇರು ನೆಲ ಕಚ್ಚಿತು. ಅರ್ಧ ಕೋರ್ ಪೆಟ್ಟಿಗೆಯಲ್ಲಿದ್ದರೆ ಯಾರು ಬೇಕಾದರೂ ಬಂದು ಮತ್ತೆ ಪರೀಕ್ಷೆ ಮಾಡಬಹುದು. ಅದಕ್ಕೇ ಅದು ದಂಡ ಅಲ್ಲ.

ಚೀಲಗಳಿಗೆ ಸಾಲು ನಂಬರು. ನಡುನಡುವೆ ನಮ್ಮದೇ ಕಳ್ಳ ಚೀಲಗಳನ್ನು ಸೇರಿಸುತ್ತಿದ್ದೆವು. ಬಂಗಾರವೇ ಇಲ್ಲದ ಕಲ್ಲು ಒಂದು, ಇಷ್ಟೇ ಬಂಗಾರ ಇದೆ ಅಂತ ಮೊದಲೇ ಗೊತ್ತಿರುವ ಪುಡಿ ಒಂದು, ಅದೇ ಕಲ್ಲಿನ ಎರಡನೇ ಚೀಲ ಒಂದು. ಲ್ಯಾಬಿನವರಿಗೆ ಯಾವುದು ಯಾವುದು ಅಂತ ಗೊತ್ತಾಗಬಾರದು. ಬಂಗಾರವೇ ಇಲ್ಲದ ಚೀಲದಲ್ಲಿ ಬಂಗಾರ ತೋರಿಸಿದರೆ ಇಡೀ ಗುಂಪಿನ ರಿಪೋರ್ಟ್ ವಾಪಸ್.

ಲ್ಯಾಬಿನಲ್ಲಿ ಏನಾಗುತ್ತದೆ ಅಂತ ಒಮ್ಮೆ ಹೋಗಿ ನೋಡಿದೆ. ಎರಡೂವರೆ ಕಿಲೋ ಕಲ್ಲನ್ನು ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ನುಣ್ಣಗೆ ಮಾಡುತ್ತಾರೆ. ಅದರಿಂದ ತಗೊಳ್ಳೋದು 50 ಗ್ರಾಂ ಮಾತ್ರ. ಅದಕ್ಕೆ ಸೀಸದ ಆಕ್ಸೈಡ್, ಸೋಡಾ, ಬೋರಾಕ್ಸ್, ಜೊತೆಗೆ ಒಂದು ಚಮಚ ಹಿಟ್ಟು. ಹೌದು, ಅಡುಗೆಮನೆಯ ಹಿಟ್ಟೇ. ಸಾವಿರ ಡಿಗ್ರಿ ಕುಲುಮೆಯಲ್ಲಿ ಹಿಟ್ಟು ಉರಿದು ಸೀಸದ ಆಕ್ಸೈಡನ್ನು ಸೀಸ ಮಾಡುತ್ತದೆ, ಕರಗಿದ ಸೀಸ ಹನಿಹನಿಯಾಗಿ ತಳಕ್ಕೆ ಇಳಿಯುವಾಗ ಬಂಗಾರವನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಆ ಸೀಸದ ಗುಂಡನ್ನು ಸರಂಧ್ರ ಬಟ್ಟಲಲ್ಲಿ ಇಟ್ಟು ಮತ್ತೆ ಕಾಯಿಸಿದರೆ ಬಟ್ಟಲು ಸೀಸವನ್ನು ಹೀರಿಕೊಂಡು ಸಾಸಿವೆಗಿಂತ ಸಣ್ಣ ಮಣಿ ಉಳಿಯುತ್ತದೆ. ಬೆಳ್ಳಿ, ಬಂಗಾರ ಎರಡೂ ಸೇರಿದ ಮಣಿ. ಅದನ್ನು ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಡುತ್ತಾರೆ, ಅಂಕಿ ಬರುತ್ತದೆ. ನನ್ನ ಕಲ್ಲಿನ ಬಂಗಾರ ಕಣ್ಣಿಗೆ ಹತ್ತಿರ ಬಂದಿದ್ದು ಅಷ್ಟೇ, ಅದೂ ಬೆಳ್ಳಿಯ ಬಣ್ಣದಲ್ಲಿ.

ರಿಪೋರ್ಟ್ ಬರೋಕೆ ವಾರಗಟ್ಟಲೆ. ಅಷ್ಟರಲ್ಲಿ ರಿಗ್ ಮುಂದಿನ ಜಾಗಕ್ಕೆ ಹೋಗಿರುತ್ತದೆ. ಹಾಗಾಗಿ ಹಿಂದಿನ ಬೋರ್‌ನಲ್ಲಿ ಏನಿತ್ತು ಅಂತ ತಿಳಿಯದೆಯೇ ಮುಂದಿನದನ್ನು ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡಬೇಕು. ಮಳೆ ಬಿದ್ದರೆ ಅದೂ ನಿಂತಿತು. ಎರೆಮಣ್ಣು ನೆನೆದರೆ ರಿಗ್ ಇರಲಿ, ಬೈಕೂ ಏಳೋದಿಲ್ಲ, ಚಕ್ರಕ್ಕೆ ಮಣ್ಣು ಸುತ್ತಿ ಮಡ್‌ಗಾರ್ಡ್ ತುಂಬಿಬಿಡುತ್ತದೆ. ಕಡ್ಡಿ ಹಿಡಿದು ಕೆರೆಯುತ್ತಾ ಹೋಗಬೇಕು.

ಕಾಕಾನ ಹೊಲದ ಬೋರ್ ರಿಪೋರ್ಟ್ ಇಮೇಲಿನಲ್ಲಿ ಬಂದಾಗ ಎಕ್ಸೆಲ್ ಹಾಳೆಯಲ್ಲಿ ಉದ್ದಕ್ಕೂ ಒಂದೇ ಸಾಲು: 0.01ಕ್ಕಿಂತ ಕಡಿಮೆ, 0.01ಕ್ಕಿಂತ ಕಡಿಮೆ, 0.02. ಹೀಗೇ ಕೆಳಗೆ ಎಳೆಯುತ್ತಾ ಹೋದರೆ ಒಂದು ಕಡೆ 7. ಟನ್ನಿಗೆ ಏಳು ಗ್ರಾಂ. ಎದೆ ಧಸಕ್ ಅಂದಿತು. ಟನ್ನಿಗೆ ಮೂರ್ನಾಲ್ಕು ಗ್ರಾಂ ಇದ್ದರೂ ಗಣಿ ನಡೆಸುತ್ತಾರೆ. ಅದರ ಕೆಳಗಿನ ಮೀಟರ್ ನೋಡಿದರೆ 0.3. ಮೇಲಿನದು 0.1. ಅದೇ ಕಲ್ಲಿನ ಎರಡನೇ ಚೀಲ ನಾವೇ ಕಳಿಸಿದ್ದೆವಲ್ಲ, ಅದರಲ್ಲಿ 4 ಬಂದಿತ್ತು.

ಲ್ಯಾಬ್ ತಪ್ಪು ಅಂದುಕೊಳ್ಳಬೇಡಿ. ಬಂಗಾರ ಕಲ್ಲಿನಲ್ಲಿ ಸಮನಾಗಿ ಹರಡಿರೋದಿಲ್ಲ, ಕಣಕಣವಾಗಿ ಅಲ್ಲೊಂದು ಇಲ್ಲೊಂದು ಇರುತ್ತದೆ. 50 ಗ್ರಾಂ ಪುಡಿಗೆ ಒಂದು ಕಣ ಜಾಸ್ತಿ ಬಂದರೆ ಅಂಕಿ ಹಾರುತ್ತದೆ, ಬರದಿದ್ದರೆ ಬೀಳುತ್ತದೆ. ಒಂದು ಮೀಟರ್‌ನಲ್ಲಿ 7 ಬಂದಿದ್ದಕ್ಕಿಂತ ಐದಾರು ಮೀಟರ್ ಉದ್ದಕ್ಕೂ 3 ಬಂದಿದ್ದರೆ ಸಾಹೇಬರು ಪೇಢಾ ಹಂಚುತ್ತಿದ್ದರು. ಒಂದೇ ಮೀಟರ್ ದಪ್ಪದ ಪದರವನ್ನು ತೆಗೆಯೋಕೆ ಸುತ್ತಲಿನ ಬಂಗಾರವಿಲ್ಲದ ಕಲ್ಲನ್ನೂ ಒಡೆಯಲೇಬೇಕು, ಆಗ ಸರಾಸರಿ ನೀರಾಗುತ್ತದೆ. ಪಕ್ಕದಲ್ಲಿ, ಆ ಪದರದ ಸಾಲಿನಲ್ಲೇ ದಕ್ಷಿಣಕ್ಕೆ ಹಾಕಿದ ಬೋರ್‌ನಲ್ಲಿ ಬೆಣಚುಕಲ್ಲು ಚೆನ್ನಾಗಿ ಬಂತು, ಬೆಳ್ಳುಳ್ಳಿ ವಾಸನೆಯೂ ಬಂತು, ಬಂಗಾರ ಬರಲಿಲ್ಲ.

ಇಲ್ಲ ಅಂತ ಬರೆಯೋದೂ ರಿಪೋರ್ಟೇ. ಆದರೆ ಅದಕ್ಕೆ ಬೆಲೆ ಬರಬೇಕಾದರೆ ಪ್ರತಿ ತುಂಡಿನ ಬಾಣ, ಮರದ ತುಂಡಿನ ಆಳ, ಚೀಲದ ನಂಬರು ಸರಿ ಇರಬೇಕು. ಅವು ಸರಿ ಇಲ್ಲದಿದ್ದರೆ ಇಲ್ಲ ಅಂದಿದ್ದೂ ಸುಳ್ಳು, ಇದೆ ಅಂದಿದ್ದೂ ಸುಳ್ಳು. ನಾನು ಭೂವಿಜ್ಞಾನಿ ಅಂತ ಹೋಗಿ ಮಾಡಿದ್ದು ಹೆಚ್ಚುಕಮ್ಮಿ ಗುಮಾಸ್ತನ ಕೆಲಸ, ಮತ್ತು ಆ ಕೆಲಸ ಸಣ್ಣದು ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ.

ಕೊರೆದ ತೂತಿಗೆ ಸಿಮೆಂಟ್ ತುಂಬಿ, ಮೇಲೆ ಬೋರ್ ನಂಬರ್ ಕೆತ್ತಿದ ಸಣ್ಣ ಕಟ್ಟೆ ಕಟ್ಟಿ, ಗುಂಡಿ ಮುಚ್ಚಿ ಹೊಲ ಬಿಟ್ಟುಕೊಟ್ಟೆವು. ಕಾಕಾ ಕಟ್ಟೆ ನೋಡಿ, "ಇದು ರಂಟಿಗೆ ತಗಲ್ತೈತಲ್ಲೋ ತಮ್ಮಾ" ಅಂದರು. ಅವರು ಹೇಳಿದ್ದು ಸರಿಯೇ, ಆದರೆ ಆಮೇಲೆ ಯಾರಾದರೂ ಪರಿಶೀಲನೆಗೆ ಬಂದರೆ ಜಾಗ ಸಿಗಬೇಕಲ್ಲ. ಕಟ್ಟೆಯನ್ನು ಇನ್ನಷ್ಟು ತಗ್ಗಿಸಿ, ಬದುವಿನಿಂದ ಎಷ್ಟು ಮೀಟರ್ ಅಂತ ಅಳೆದು ಅವರಿಗೂ ಒಂದು ಚೀಟಿ ಬರೆದುಕೊಟ್ಟೆ. ಪರಿಹಾರದ ಚೆಕ್ ಬಂತು, ತಡವಾಗಿ.

ನಮ್ಮ ವರದಿಯಲ್ಲಿ ಆ 7ರ ಸುತ್ತ ಇನ್ನೂ ಕೆಲವು ಬೋರ್ ಹಾಕಿ, ಹೆಚ್ಚು ಆಳಕ್ಕೆ ಹೋಗಿ ನೋಡಬಹುದು ಅಂತ ಬರೆದು ಮುಗಿಸಿದರು. ಗುತ್ತಿಗೆ ಮುಗಿಯಿತು. ಈಗ ನಾನು ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿದ್ದೇನೆ. ಇಲ್ಲಿ ಕಲ್ಲು ಕೈಯಲ್ಲಿ ಹಿಡಿದರೆ ಭಾರದಲ್ಲೇ ಗೊತ್ತಾಗುತ್ತದೆ, ಸಂಜೆಯೊಳಗೆ ಶೇಕಡಾ ಎಷ್ಟು ಅಂತ ಅಂಕಿ ಬರುತ್ತದೆ, ಅಂಗಿ ಮಾತ್ರ ಕೆಂಪು. ಡ್ರಿಲ್ಲರ್ ಅಣ್ಣ ಆಗಾಗ ಫೋನ್ ಮಾಡುತ್ತಾರೆ. ಮೊನ್ನೆ ಮಾಡಿದಾಗ ಯಾವುದೋ ಹೊಸ ಕಂಪನಿ ಹಟ್ಟಿ ಪಟ್ಟಿಯಲ್ಲೇ ಕೊರೆಯೋಕೆ ಕರೆದಿದೆ, ಲಾಗಿಂಗ್‌ಗೆ ಯಾರಾದ್ರೂ ಬೇಕಂತೆ, ಬರ್ತೀರಾ ಸಾರ್ ಅಂತ ಕೇಳಿದರು. ಸಂಬಳ ಎಷ್ಟು, ಎಷ್ಟನೇ ತಾರೀಖಿಗೆ ಹಾಕ್ತಾರೆ ಅಂತ ಮೊದಲು ಬರೆಸಿಕೊಳ್ಳಿ ಅಣ್ಣ, ಆಮೇಲೆ ನೋಡೋಣ ಅಂದೆ. ಹಿಂದಿನವರ ಹತ್ತಿರ ಇಬ್ಬರದೂ ಇನ್ನೂ ಬಾಕಿ ಇದೆ.